ಗದ್ಯಭಾಗವೂ ಕಾಗೆಯ ಕಥೆಯೂ: ಪ್ರಾಥಮಿಕ ಶಾಲೆಯ ಇಂಗ್ಲಿಷ್ ಪರೀಕ್ಷೆಯ ಚರಿತ್ರೆ

ಪ್ರಾಥಮಿಕ ಶಾಲೆಯ ಮಗುವಿಗೆ ಇಂಗ್ಲಿಷ್ ಎಷ್ಟು ಬಂದಿದೆ ಎಂದು ತಿಳಿಯಲು ಕರ್ನಾಟಕದ ಶಾಲೆಗಳಲ್ಲಿ ಬಹುಕಾಲದಿಂದ ಎರಡು ಬಗೆಯ ಪ್ರಶ್ನೆಗಳು ಬಳಕೆಯಲ್ಲಿವೆ. ಒಂದು, ಗದ್ಯಭಾಗವನ್ನು ಕೊಟ್ಟು ಅದರ ಕೆಳಗಿನ ಪ್ರಶ್ನೆಗಳಿಗೆ ಉತ್ತರ ಬರೆಸುವುದು. ಇನ್ನೊಂದು, ಕೆಲವು ಸುಳಿವುಗಳನ್ನು ಕೊಟ್ಟು ಕಥೆ ಬರೆಸುವುದು. ಮೊದಲನೆಯದು ಗ್ರಹಿಕೆಯನ್ನು, ಅಂದರೆ ಓದಿದ್ದರ ಅರ್ಥ ಹಿಡಿಯುವ ಶಕ್ತಿಯನ್ನೂ, ಎರಡನೆಯದು ಸ್ವಂತವಾಗಿ ವಾಕ್ಯ ಕಟ್ಟುವ ಶಕ್ತಿಯನ್ನೂ ಅಳೆಯಬೇಕೆಂಬುದು ಉದ್ದೇಶ. ಆಚರಣೆಯಲ್ಲಿ ಮಾತ್ರ ಎರಡೂ ನೆನಪಿನ ಪರೀಕ್ಷೆಗಳಾಗಿಯೇ ಉಳಿದವು. ಇದು ಹೇಗಾಯಿತು ಎಂಬುದಕ್ಕೆ ಉತ್ತರ ಶಾಲಾ ಆಡಳಿತದ ಚರಿತ್ರೆಯಲ್ಲಿದೆ. ಇದನ್ನು ಬದಲಿಸಲು ನಡೆದ ಗಂಭೀರ ಪ್ರಯತ್ನವೊಂದರ ಬೇರು ಪಶ್ಚಿಮ ಬೆಂಗಳೂರಿನ ಒಂದು ಸಂಸ್ಥೆಯಲ್ಲಿದೆ.

ಇಂಗ್ಲಿಷ್ ಬರುವ ಮೊದಲು ಮೈಸೂರು ಸೀಮೆಯ ಹಳ್ಳಿಗಳಲ್ಲಿ ಕಲಿಸುತ್ತಿದ್ದುದು ಕೂಲಿಮಠಗಳು, ಅಂದರೆ ಊರವರು ಕೊಡುವ ಸಂಭಾವನೆಯಿಂದ ಐಗಳು ನಡೆಸುತ್ತಿದ್ದ ಪಾಠಶಾಲೆಗಳು. ಮರಳಿನ ಮೇಲೆ ಅಕ್ಷರ ತಿದ್ದುವುದು, ಮಗ್ಗಿ ಒಪ್ಪಿಸುವುದು, ಅಮರಕೋಶವನ್ನು ಬಾಯಿಪಾಠ ಮಾಡುವುದು, ಜೈಮಿನಿ ಭಾರತವನ್ನು ರಾಗವಾಗಿ ಓದುವುದು ಅಲ್ಲಿನ ಕ್ರಮ. ಒಪ್ಪಿಸಲು ಬಂದರೆ ಕಲಿತಂತೆ. 1857ರಲ್ಲಿ ಮೈಸೂರಿನಲ್ಲಿ ಶಿಕ್ಷಣ ಇಲಾಖೆ ಆರಂಭವಾಯಿತು, 1868ರಲ್ಲಿ ಬಿ. ಎಲ್. ರೈಸ್ ಹೋಬಳಿಗೊಂದು ಶಾಲೆ ಎಂಬ ಯೋಜನೆಯನ್ನು ಮುಂದಿಟ್ಟರು. ಮುಂದೆ ಶಾಸನಗಳ ಸಂಗ್ರಹದಿಂದ ಹೆಸರಾದ ಈ ರೈಸ್ ಆಗ ಇಲಾಖೆಯ ಅಧಿಕಾರಿಯಾಗಿದ್ದರು. ಇಂದಿಗೂ ಹೋಬಳಿ ಕೇಂದ್ರವೆನಿಸಿರುವ ಕೆಂಗೇರಿಯಂಥ ಊರುಗಳನ್ನು ಸರ್ಕಾರಿ ಶಿಕ್ಷಣದ ಲೆಕ್ಕಕ್ಕೆ ತಂದದ್ದು ಈ ಬಗೆಯ ಯೋಜನೆಗಳೇ. ಶಾಲೆಗಳು ಹೆಚ್ಚಿದಂತೆ ಅವುಗಳನ್ನು ನೋಡಿಬರುವ ಇನ್ಸ್‌ಪೆಕ್ಟರರೂ, ಅವರು ಕೇಳುವ ಪ್ರಶ್ನೆಗಳೂ ಬಂದವು.

ಆ ಪ್ರಶ್ನೆಗಳ ಸ್ವರೂಪವನ್ನು ತಿಳಿಯಲು ಅದೇ ಕಾಲದ ಇಂಗ್ಲೆಂಡನ್ನು ನೋಡಬೇಕು. ಅಲ್ಲಿ 1862ರಲ್ಲಿ ಜಾರಿಗೆ ಬಂದ ನಿಯಮಾವಳಿಯು ಮಕ್ಕಳ ತೇರ್ಗಡೆಯನ್ನು ನೋಡಿ ಶಾಲೆಗೆ ಹಣ ಕೊಡುವ ಪದ್ಧತಿಯನ್ನು ತಂದಿತು. ಕೊನೆಯ ದರ್ಜೆಯ ಮಗು ವೃತ್ತಪತ್ರಿಕೆಯ ಒಂದು ಪರಿಚ್ಛೇದವನ್ನು ಓದಿದರೆ, ಮತ್ತೊಂದನ್ನು ಉಕ್ತಲೇಖನವಾಗಿ ಬರೆದರೆ ತೇರ್ಗಡೆ. ಮಕ್ಕಳು ಪುಸ್ತಕವನ್ನೇ ಬಾಯಿಪಾಠ ಮಾಡಿಕೊಂಡು ಓದಿದಂತೆ ನಟಿಸುತ್ತಾರೆಂದು, ಶಾಲಾ ಇನ್ಸ್‌ಪೆಕ್ಟರರೂ ಆಗಿದ್ದ ಕವಿ ಮ್ಯಾಥ್ಯೂ ಆರ್ನಾಲ್ಡ್ ತಮ್ಮ ವರದಿಗಳಲ್ಲಿ ಟೀಕಿಸಿದರು. ಇದೇ ಪದ್ಧತಿಯ ಅನುದಾನ ಮದರಾಸು ಪ್ರಾಂತ್ಯಕ್ಕೂ ಬಂದಿತು. ಓದಿದ್ದನ್ನು ಅಂಕವಾಗಿ, ಅಂಕವನ್ನು ಹಣವಾಗಿ ಎಣಿಸಬೇಕಾದಾಗ, ಎಲ್ಲ ಪರೀಕ್ಷಕರೂ ಒಂದೇ ರೀತಿ ತಿದ್ದಬಹುದಾದ ಉತ್ತರವೇ ಬೇಕಾಗುತ್ತದೆ. ನೆನಪಿನ ಉತ್ತರಕ್ಕೆ ಆ ಗುಣವಿದೆ, ಅರ್ಥದ ಉತ್ತರಕ್ಕೆ ಅಷ್ಟಾಗಿ ಇಲ್ಲ.

ಮೈಸೂರಿನ ಲೋಯರ್ ಸೆಕೆಂಡರಿ ಪರೀಕ್ಷೆ, ಅದರ ನಂತರ ಏಳನೇ ತರಗತಿಯ ಪಬ್ಲಿಕ್ ಪರೀಕ್ಷೆ ಎಂಬ ಹಂತಗಳಲ್ಲಿ ಈ ಅಭ್ಯಾಸ ಗಟ್ಟಿಯಾಯಿತು. ಇಂಥ ಪ್ರಶ್ನೆಪತ್ರಿಕೆಯ ಗದ್ಯಭಾಗವನ್ನು ಹತ್ತಿರದಿಂದ ನೋಡಬಹುದು. 'ರಾಮು ವೆಂಟ್ ಟು ಕೆಂಗೇರಿ ಬೈ ಟ್ರೈನ್' ಎಂಬ ವಾಕ್ಯದ ಕೆಳಗೆ 'ಹೌ ಡಿಡ್ ರಾಮು ಗೋ ಟು ಕೆಂಗೇರಿ?' ಎಂಬ ಪ್ರಶ್ನೆಯಿದ್ದರೆ, ರಾಮು ಮತ್ತು ಕೆಂಗೇರಿ ಎಂಬ ಎರಡು ಪದಗಳನ್ನು ಗದ್ಯದಲ್ಲಿ ಹುಡುಕಿ ಆ ಸಾಲನ್ನು ಇಡಿಯಾಗಿ ನಕಲಿಸಿದ ಮಗುವಿಗೆ, ಟ್ರೈನ್ ಎಂದರೇನೆಂದು ತಿಳಿಯದಿದ್ದರೂ ಪೂರ್ಣಾಂಕ ಸಿಗುತ್ತದೆ. ಕಥೆಯದೂ ಇದೇ ಪಾಡು. ಕಾಗೆ, ಬಾಯಾರಿಕೆ, ಹೂಜಿ, ತಳದಲ್ಲಿ ನೀರು, ಕಲ್ಲುಹರಳು ಎಂಬ ಸುಳಿವುಗಳನ್ನು ಅಡ್ಡಗೆರೆಗಳ ನಡುವೆ ಇಂಗ್ಲಿಷಿನಲ್ಲಿ ಕೊಟ್ಟರೆ, ಮಗು ನಡುವೆ ಕ್ರಿಯಾಪದಗಳನ್ನು ಸೇರಿಸಿ, ಮೇಲೆ ಶೀರ್ಷಿಕೆಯನ್ನೂ ಕೆಳಗೆ ನೀತಿಯನ್ನೂ ಬರೆಯುತ್ತದೆ. ಕಥೆ ಎಲ್ಲರಿಗೂ ಗೊತ್ತಿರುವುದರಿಂದ ಅದರಲ್ಲಿ ಕಟ್ಟಬೇಕಾದದ್ದು ಏನೂ ಉಳಿದಿರುವುದಿಲ್ಲ. ಕನ್ನಡ ಪತ್ರಿಕೆಯ ಗಾದೆಯ ವಿಸ್ತರಣೆಯಂತೆ ಇದೂ ಸಿದ್ಧ ಅಚ್ಚಿನ ಬರಹವಾಗುತ್ತದೆ.

ಸ್ವಾತಂತ್ರ್ಯದ ನಂತರ ಬೆಂಗಳೂರು ನಗರ ಪಶ್ಚಿಮಕ್ಕೆ ಹಬ್ಬಿತು. 1940ರ ದಶಕದ ಕೊನೆಗೆ ಕೈಗಾರಿಕಾ ಉಪನಗರವಾಗಿ ರೂಪುಗೊಂಡ ರಾಜಾಜಿನಗರ, ಅದರ ಆಚೆ ಬೆಳೆದ ಬಸವೇಶ್ವರನಗರ ಮತ್ತು ವಿಜಯನಗರ ಬಡಾವಣೆಗಳಲ್ಲಿ ಕಾರ್ಮಿಕರ, ನೌಕರರ ಮಕ್ಕಳಿಗಾಗಿ ಶಾಲೆಗಳು ತಲೆಯೆತ್ತಿದವು. ಅದೇ ಕಾಲದಲ್ಲಿ ಇಂಗ್ಲಿಷ್ ಬೋಧನೆಯಲ್ಲಿ ರಚನಾ ವಿಧಾನ ಬಳಕೆಗೆ ಬಂದಿತು. ವಾಕ್ಯದ ಮಾದರಿಗಳನ್ನು ಸುಲಭದಿಂದ ಕಠಿಣದ ಕ್ರಮದಲ್ಲಿ ಜೋಡಿಸಿ, ತರಗತಿಯಲ್ಲಿ ಒಂದು ಸನ್ನಿವೇಶವನ್ನು ತೋರಿಸಿ, ಬಾಯಲ್ಲಿ ಮತ್ತೆ ಮತ್ತೆ ಹೇಳಿಸುವುದು ಇದರ ತಿರುಳು. ಇದಕ್ಕೆ ಶಿಕ್ಷಕರನ್ನು ತಯಾರು ಮಾಡಲು ದಕ್ಷಿಣದ ರಾಜ್ಯಗಳಿಗಾಗಿ 1963ರಲ್ಲಿ ಬೆಂಗಳೂರಿನಲ್ಲಿ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಆರಂಭವಾಯಿತು. ಮೈಸೂರು ರಸ್ತೆಯಲ್ಲಿ ಕೆಂಗೇರಿಯತ್ತ ಹೋಗುವಾಗ ಸಿಗುವ ಜ್ಞಾನಭಾರತಿ ಆವರಣದಲ್ಲಿ ಅದು ಇಂದಿಗೂ ಇದೆ.

ಕಲಿತ ಮಾದರಿಗಳನ್ನು ಮಕ್ಕಳು ತರಗತಿಯ ಹೊರಗೆ ಬಳಸಲಾರರು ಎಂಬ ಅತೃಪ್ತಿ ಈ ಸಂಸ್ಥೆಯ ವಲಯದಲ್ಲೇ ಹುಟ್ಟಿತು. ಬ್ರಿಟಿಷ್ ಕೌನ್ಸಿಲ್‌ನ ಎನ್. ಎಸ್. ಪ್ರಭು ಅವರ ನೇತೃತ್ವದಲ್ಲಿ 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ನಡೆದ ಪ್ರಯೋಗ ಹೊರಜಗತ್ತಿನಲ್ಲಿ 'ಬೆಂಗಳೂರು ಪ್ರಾಜೆಕ್ಟ್' ಎಂದೇ ಹೆಸರಾಯಿತು. ಮಗುವಿನ ಗಮನ ಭಾಷೆಯ ರೂಪದ ಮೇಲಲ್ಲ, ಅರ್ಥದ ಮೇಲೆ ಇರುವಾಗಲೇ ವ್ಯಾಕರಣವೂ ತಾನಾಗಿ ಮೈಗೂಡುತ್ತದೆ ಎಂಬುದು ಅದರ ನಂಬಿಕೆ. ಹಾಗಾಗಿ ರೈಲಿನ ವೇಳಾಪಟ್ಟಿ, ನಕ್ಷೆ ಮುಂತಾದವನ್ನು ಮುಂದಿಟ್ಟು ಮೊದಲು ಇಡೀ ತರಗತಿಯೊಂದಿಗೆ ಪ್ರಶ್ನೋತ್ತರ ನಡೆಸಿ, ಆಮೇಲೆ ಅಂಥದೇ ಇನ್ನೊಂದು ಕೆಲಸವನ್ನು ಪ್ರತಿ ಮಗುವಿಗೂ ಒಂಟಿಯಾಗಿ ಕೊಡುತ್ತಿದ್ದರು. ಹತ್ತು ಗಂಟೆಯೊಳಗೆ ಒಂದು ಊರನ್ನು ತಲುಪಬೇಕಾದವನು ಯಾವ ರೈಲು ಹಿಡಿಯಬೇಕು ಎಂಬ ಪ್ರಶ್ನೆಗೆ ವೇಳಾಪಟ್ಟಿಯ ಯಾವ ಸಾಲನ್ನು ನಕಲಿಸಿದರೂ ಉತ್ತರವಾಗದು. ಎರಡು ಸಾಲುಗಳನ್ನು ಹೋಲಿಸಿ ತರ್ಕಿಸಲೇಬೇಕು. ರಾಮುವಿನ ಗದ್ಯಕ್ಕೂ ಇದಕ್ಕೂ ಇರುವ ಅಂತರ ಇದೇ.

ಪ್ರಭು ಇಂಥ ಕೆಲಸಗಳನ್ನು ಮೂರಾಗಿ ವಿಂಗಡಿಸಿದರು: ಒಬ್ಬರಲ್ಲಿರುವ ಮಾಹಿತಿಯನ್ನು ಇನ್ನೊಬ್ಬರಿಗೆ ದಾಟಿಸುವುದು, ಕೊಟ್ಟ ಮಾಹಿತಿಯಿಂದ ಹೊಸದನ್ನು ತರ್ಕಿಸುವುದು, ತನ್ನ ಅಭಿಪ್ರಾಯವನ್ನೋ ಭಾವನೆಯನ್ನೋ ಹೇಳುವುದು. ಮೂರನೆಯದಕ್ಕೆ ಅವರು ಕೊಟ್ಟ ಉದಾಹರಣೆಗಳಲ್ಲಿ ಅರ್ಧ ಕಥೆಯನ್ನು ಪೂರ್ತಿಗೊಳಿಸುವುದೂ ಒಂದು. ಆದರೆ ತರಗತಿಯಲ್ಲಿ ಹೆಚ್ಚು ಫಲಕೊಟ್ಟದ್ದು ಎರಡನೆಯ ಬಗೆ. ಅಭಿಪ್ರಾಯದ ಕೆಲಸಕ್ಕೆ ಒಂದೇ ಸರಿ ಉತ್ತರವಿರದೆ, ಎಳೆಯ ಕಲಿಕಾರ್ಥಿಗೆ ತಾನು ಗೆದ್ದೆನೋ ಸೋತೆನೋ ತಿಳಿಯುವುದಿಲ್ಲ. ಪರೀಕ್ಷೆಯಲ್ಲಿ ಕಥೆ ಏಕೆ ಕಾಗೆ ಮತ್ತು ಹೂಜಿಗೇ ಅಂಟಿಕೊಂಡಿತು ಎಂಬುದಕ್ಕೂ ಇದರಲ್ಲಿ ಉತ್ತರವಿದೆ.

ಈ ಪ್ರಯೋಗದ ಮೌಲ್ಯಮಾಪನವನ್ನು ಅಲನ್ ಬೆರೆಟಾ ಮತ್ತು ಅಲನ್ ಡೇವಿಸ್ 1985ರಲ್ಲಿ ಪ್ರಕಟಿಸಿದರು. ಪ್ರಯೋಗದ ತರಗತಿಗಳನ್ನು ರಚನಾ ವಿಧಾನದ ತರಗತಿಗಳೊಂದಿಗೆ ಹೋಲಿಸುವಾಗ ಯಾವ ವಿಧಾನದ ಮಕ್ಕಳಿಗೂ ಅನ್ಯಾಯವಾಗದಂತೆ ಅವರು ವಾಕ್ಯರಚನೆ, ಸಂದರ್ಭಸಹಿತ ವ್ಯಾಕರಣ, ಉಕ್ತಲೇಖನ, ಆಲಿಸಿ ಮತ್ತು ಓದಿ ಗ್ರಹಿಸುವುದು, ಪ್ರಯೋಗದ ಮಾದರಿಯ ಕೆಲಸ ಎಂಬ ಹಲವು ಬಗೆಯ ಪರೀಕ್ಷೆಗಳನ್ನು ಇಟ್ಟರು. ಪ್ರತಿ ಗುಂಪೂ ತಾನು ಕಲಿತ ರೀತಿಗೆ ಹೊಂದುವ ಪರೀಕ್ಷೆಯಲ್ಲಿ ಮುಂದಿರುವ ಒಲವು ಕಂಡಿತು. ಎರಡಕ್ಕೂ ಸಮಾನವಾದ ಪರೀಕ್ಷೆಗಳಲ್ಲಿ ಒಟ್ಟಾರೆ ಪ್ರಯೋಗದ ಮಕ್ಕಳ ಕೈ ಮೇಲಾಯಿತು. ಪ್ರಭು ಅವರ ಗ್ರಂಥ 1987ರಲ್ಲಿ ಹೊರಬಂದು, ಕಾರ್ಯಾಧಾರಿತ ಭಾಷಾಬೋಧನೆಯ ಮೂಲ ಗ್ರಂಥಗಳಲ್ಲಿ ಒಂದಾಯಿತು. ಕರ್ನಾಟಕದ ಪ್ರಶ್ನೆಪತ್ರಿಕೆಯಲ್ಲಿ ಮಾತ್ರ ಅದರ ಗುರುತು ಅಷ್ಟಾಗಿ ಕಾಣಲಿಲ್ಲ.

ಏಕೆಂದರೆ ಮುಂದಿನ ದಶಕಗಳ ವಾದವೆಲ್ಲ ಇಂಗ್ಲಿಷನ್ನು ಯಾವಾಗ ಕಲಿಸಬೇಕು ಎಂಬುದರ ಸುತ್ತ ನಡೆಯಿತು. ಹೇಗೆ ಅಳೆಯಬೇಕು ಎಂಬ ಪ್ರಶ್ನೆ ಹಿಂದೆ ಉಳಿಯಿತು. ಗೋಕಾಕ್ ಚಳವಳಿಯ ನಂತರ, 1994ರ ಸರ್ಕಾರಿ ಆದೇಶ ನಾಲ್ಕನೇ ತರಗತಿಯವರೆಗೆ ಮಾತೃಭಾಷೆಯನ್ನೋ ಕನ್ನಡವನ್ನೋ ಮಾಧ್ಯಮವಾಗಿಸಿತು. 2007–08ರಿಂದ ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಒಂದು ವಿಷಯವಾಯಿತು. 2014ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಮಾಧ್ಯಮದ ಆಯ್ಕೆಯನ್ನು ಪಾಲಕರಿಗೆ ಬಿಟ್ಟಿತು. 2010ರಲ್ಲಿ ಜಾರಿಯಾದ ಶಿಕ್ಷಣ ಹಕ್ಕು ಕಾಯ್ದೆ ಎಂಟನೇ ತರಗತಿಯವರೆಗೆ ಬೋರ್ಡ್ ಪರೀಕ್ಷೆಯನ್ನು ಕೈಬಿಟ್ಟು ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನವನ್ನು ತಂದಾಗ, ವರ್ಷದ ನಡುವಿನ ರೂಪಣಾತ್ಮಕ ಪರೀಕ್ಷೆಗಳಲ್ಲಿ ಕಥೆ ಹೇಳಿಸಿ, ಮಾತಾಡಿಸಿ ಅಂಕ ಕೊಡಲು ಅವಕಾಶ ಹುಟ್ಟಿತು. ಅದು ನೆಲೆಗೊಳ್ಳುವ ಮೊದಲೇ 2023ರ ಮಾರ್ಚ್‌ನಲ್ಲಿ ಐದು ಮತ್ತು ಎಂಟನೇ ತರಗತಿಗಳಿಗೆ ರಾಜ್ಯಮಟ್ಟದ ಪರೀಕ್ಷೆ ಮರಳಿ, ಹೈಕೋರ್ಟ್ ಮೆಟ್ಟಿಲೇರಿತು. ಮರುವರ್ಷದ ಪರೀಕ್ಷೆಯ ಫಲಿತಾಂಶಕ್ಕೆ 2024ರ ಏಪ್ರಿಲ್ 8ರಂದು ಸುಪ್ರೀಂ ಕೋರ್ಟ್ ತಡೆ ನೀಡಿತು.

ಈ ನೂರೈವತ್ತು ವರ್ಷಗಳಲ್ಲಿ ಪಠ್ಯಪುಸ್ತಕ, ಬೋಧನಾ ವಿಧಾನ, ಮಾಧ್ಯಮನೀತಿ ಎಲ್ಲವೂ ಹಲವು ಬಾರಿ ಬದಲಾಗಿವೆ. ಸಾವಿರಾರು ಉತ್ತರಪತ್ರಿಕೆಗಳನ್ನು ಒಂದೇ ಅಳತೆಯಲ್ಲಿ ಬೇಗ ತಿದ್ದಬೇಕೆಂಬ ಅಗತ್ಯ ಒಂದೇ ಬದಲಾಗಿಲ್ಲ. ಮಗು ತಾನೇ ಯೋಚಿಸಿ ಬರೆದ ತಪ್ಪು ವಾಕ್ಯಕ್ಕಿಂತ ನಕಲಿಸಿದ ಸರಿ ವಾಕ್ಯಕ್ಕೆ ಹೆಚ್ಚು ಅಂಕ ದೊರೆಯುವವರೆಗೆ ಗದ್ಯಭಾಗವಾಗಲಿ ಕಥೆಯಾಗಲಿ ಕೂಲಿಮಠದ ಒಪ್ಪಿಸುವಿಕೆಯಿಂದ ದೂರ ಹೋಗಲಾರವು. ಆದ್ದರಿಂದ ತಿದ್ದುಪಡಿ ಮೊದಲು ಆಗಬೇಕಾದದ್ದು ಅಂಕ ಹಂಚಿಕೆಯ ಪಟ್ಟಿಯಲ್ಲಿ.