ಇಂಡಿಯನ್ ಪಾಸಿ: ಜೈಲಿನಲ್ಲಿ ಬೆಳೆದ ಗ್ಯಾಂಗು, ಜೈಲಿನಲ್ಲೇ ಒಡೆದ ಬಳಗ

ಕೆನಡಾದ ವಿನ್ನಿಪೆಗ್ ನಗರದ ಉತ್ತರಕ್ಕೆ ಸ್ಟೋನಿ ಮೌಂಟನ್ ಸೆರೆಮನೆ ಇದೆ. 1885ರ ಬಂಡಾಯದ ನಂತರ ಕ್ರೀ ಜನರ ನಾಯಕರಾದ ಪೌಂಡ್‌ಮೇಕರ್ ಮತ್ತು ಬಿಗ್ ಬೇರ್ ಅವರನ್ನು ಕೂಡಿಹಾಕಿದ್ದು ಇಲ್ಲಿಯೇ. ನೂರು ವರ್ಷ ಕಳೆದ ಮೇಲೆ ಅದೇ ಗೋಡೆಗಳ ನಡುವೆ ಇಂಡಿಯನ್ ಪಾಸಿ ಎಂಬ ಮೂಲನಿವಾಸಿ ಗ್ಯಾಂಗು ಬಲಿಯಿತು. ಇದರ ಚರಿತ್ರೆಯನ್ನು ಸಾಮಾನ್ಯವಾಗಿ ಬೀದಿಯಿಂದ ಶುರುಮಾಡುತ್ತಾರೆ. ಆದರೆ ಅದರ ಒಳಜಗಳ ಅರ್ಥವಾಗಬೇಕಾದರೆ ಜೈಲಿನ ಕಡೆಯಿಂದ ನೋಡಬೇಕು ಎಂಬುದು ನನ್ನ ವಾದ.

ಗ್ಯಾಂಗು ಹುಟ್ಟಿದ್ದು 1988ರಲ್ಲಿ. ರಿಚರ್ಡ್ ವುಲ್ಫ್, ಡೇನಿಯಲ್ ವುಲ್ಫ್ ಎಂಬ ಅಣ್ಣತಮ್ಮಂದಿರು ಹನ್ನೆರಡು, ಹದಿಮೂರರ ಆಸುಪಾಸಿನಲ್ಲಿದ್ದಾಗ ಓರಗೆಯ ಹುಡುಗರನ್ನು ಸೇರಿಸಿ ಕಟ್ಟಿದ ಕೂಟ ಅದು. ಗುರುತು ಕೆಂಪು ಬಣ್ಣ. ಅದೇ ವರ್ಷದ ಮಾರ್ಚಿನಲ್ಲಿ ಜೆ. ಜೆ. ಹಾರ್ಪರ್ ಎಂಬ ಮೂಲನಿವಾಸಿ ಮುಖಂಡ ವಿನ್ನಿಪೆಗ್ ಪೊಲೀಸನ ಗುಂಡಿಗೆ ಬಲಿಯಾಗಿದ್ದರು. ಆ ನಂತರ ನಡೆದ ವಿಚಾರಣೆಯ 1991ರ ವರದಿ ಹೇಳುವಂತೆ, ವಿನ್ನಿಪೆಗ್ ಇರುವ ಮ್ಯಾನಿಟೋಬಾ ಪ್ರಾಂತ್ಯದ ಜನಸಂಖ್ಯೆಯಲ್ಲಿ ಮೂಲನಿವಾಸಿಗಳು ಶೇ. 12ರಷ್ಟು, ಜೈಲುಗಳಲ್ಲಿ ಕನಿಷ್ಠ ಅರ್ಧದಷ್ಟು. ಈ ಹುಡುಗರ ಹಿಂದಿನ ತಲೆಮಾರುಗಳು, ಮೂಲನಿವಾಸಿ ಮಕ್ಕಳನ್ನು ಮನೆಯಿಂದ ಬೇರ್ಪಡಿಸಿ ಇಡುತ್ತಿದ್ದ ವಸತಿ ಶಾಲೆಗಳಲ್ಲಿ ತಾಯಿನುಡಿ, ಮನೆಮಂದಿ ಎರಡನ್ನೂ ಕಳೆದುಕೊಂಡಿದ್ದವು. ಕೆನಡಾದಾದ್ಯಂತ ಸುಮಾರು 1,50,000 ಮಕ್ಕಳನ್ನು ಆ ಶಾಲೆಗಳಿಗೆ ಸೇರಿಸಲಾಗಿತ್ತು. ಹೀಗಾಗಿ ಆ ಹುಡುಗರು ಕಟ್ಟಿಕೊಂಡದ್ದು ಕಳ್ಳತನದ ಕೂಟವನ್ನಷ್ಟೇ ಅಲ್ಲ, ಒಂದು ಬಳಗವನ್ನು. ಅಲ್ಲಿ ಒಬ್ಬನೇ ಯಜಮಾನನಿರಲಿಲ್ಲ. ಹಿರಿಯ ಸದಸ್ಯರ ಮಂಡಲಿ ಕೂತು ತೀರ್ಮಾನಿಸುತ್ತಿತ್ತು. ಬೈಕರ್ ಕೂಟಗಳ ಮಾದರಿಯಲ್ಲಿ ಬೆಳೆದ ಎದುರಾಳಿ ಮ್ಯಾನಿಟೋಬಾ ವಾರಿಯರ್ಸ್‌ನ ರೀತಿಯೇ ಬೇರೆ.

ಬಳಗ ಎಂದ ಮೇಲೆ ಹೊರಗಿನವರೂ ಬೇಕು. ಆ ಹೊರಗಿನವರು ಅದೇ ಕೇರಿಯ, ಅದೇ ಗಾಯ ಹೊತ್ತ ಮಕ್ಕಳೇ ಆದದ್ದು ಈ ಕಥೆಯ ದೊಡ್ಡ ನೋವು. 1995ರ ಜುಲೈನಲ್ಲಿ, ಪಾಸಿ ಮತ್ತು ಡ್ಯೂಸ್ ಗ್ಯಾಂಗುಗಳ ಹಗೆಯ ನಡುವೆ, ಹದಿಮೂರು ವರ್ಷದ ಹುಡುಗನೊಬ್ಬನನ್ನು ಎದುರು ಗುಂಪಿನವನೆಂದು ತಪ್ಪು ತಿಳಿದು ಗುಂಡಿಕ್ಕಿ ಕೊಂದರು. ಹಿಂಸೆ ಜೈಲಿನೊಳಗೂ ಇತ್ತು: 1996ರ ಏಪ್ರಿಲಿನಲ್ಲಿ ವಿನ್ನಿಪೆಗ್ ಬಳಿಯ ಹೆಡಿಂಗ್ಲಿ ಜೈಲಿನಲ್ಲಿ ದಂಗೆ ಎದ್ದಿತು. ದಂಗೆ ಎದ್ದವರು ಕಾವಲುಗಾರರನ್ನು ಹೊಡೆದರು, ಇತರ ಕೈದಿಗಳ ಬೆರಳುಗಳನ್ನು ಕತ್ತರಿಸಿದರು.

ಇಲ್ಲಿ ಸರ್ಕಾರ ಇಟ್ಟ ಹೆಜ್ಜೆ ದುಬಾರಿಯಾಯಿತು. ಗ್ಯಾಂಗು ಒಡೆಯಲೆಂದು ಅದರ ಮುಂದಾಳುಗಳನ್ನು ಬೇರೆ ಪ್ರಾಂತ್ಯಗಳ ಜೈಲುಗಳಿಗೆ ಹಂಚಿದರು. ಹೋದಲ್ಲೆಲ್ಲ ಅವರು ಹೊಸಬರನ್ನು ಸೇರಿಸಿಕೊಂಡರು; ಅವರಿಗೆ ಎದುರಾಗಿ ನೇಟಿವ್ ಸಿಂಡಿಕೇಟ್, ರೆಡ್ ಅಲರ್ಟ್‌ನಂಥ ಗುಂಪುಗಳು ಜೈಲುಗಳಲ್ಲೇ ಬಲಿತವು. ವಿನ್ನಿಪೆಗ್‌ನ ಮಂಡಲಿ ಕೂತು ಬಗೆಹರಿಸುತ್ತಿದ್ದ ಜಗಳಗಳು ಸಾವಿರ ಮೈಲಿ ಹರಡಿದ ಮೇಲೆ ಯಾರ ಮಾತಿಗೂ ನಿಲ್ಲಲಿಲ್ಲ. ಸಾಲ, ಮಾದಕ ವಸ್ತುವಿನ ಹಣ, ಗ್ಯಾಂಗು ಬಿಟ್ಟುಹೋದವರ ಮೇಲಿನ ಸೇಡು, ಎಲ್ಲವೂ ಸೇರಿಕೊಂಡವು.

2007ರ ಸೆಪ್ಟೆಂಬರಿನಲ್ಲಿ ಸಸ್ಕ್ಯಾಚೆವಾನ್‌ನ ಫೋರ್ಟ್ ಕ್ವಾಪೆಲ್ ಪಟ್ಟಣದ ಒಂದು ಮನೆಯಲ್ಲಿ ಐವರಿಗೆ ಗುಂಡು ತಗಲಿತು, ಇಬ್ಬರು ಸತ್ತರು. ಹಿನ್ನೆಲೆ ನೇಟಿವ್ ಸಿಂಡಿಕೇಟ್ ಜೊತೆಗಿನ ಹಗೆ. ಈ ಪ್ರಕರಣದಲ್ಲಿ ಬಂಧಿತನಾದ ಡೇನಿಯಲ್ ವುಲ್ಫ್ 2008ರ ಆಗಸ್ಟಿನಲ್ಲಿ ಇನ್ನೈವರೊಂದಿಗೆ ರೆಜೈನಾ ಜೈಲಿನಿಂದ ತಪ್ಪಿಸಿಕೊಂಡ. ಉಗುರು ಕತ್ತರಿ, ಲೋಹದ ಚೂರುಗಳಿಂದ ತಿಂಗಳುಗಟ್ಟಲೆ ಗೋಡೆ ಕೆರೆದು ಕಿಂಡಿ ಕೊರೆದಿದ್ದರು. ಮತ್ತೆ ಸಿಕ್ಕಿಬಿದ್ದು, 2009ರಲ್ಲಿ ಶಿಕ್ಷೆಯಾಗಿ, 2010ರ ಜನವರಿಯಲ್ಲಿ ಪ್ರಿನ್ಸ್ ಆಲ್ಬರ್ಟ್‌ನ ಜೈಲಿನ ಹೊಡೆದಾಟದಲ್ಲಿ ಕೊಲೆಯಾದ. 2016ರಲ್ಲಿ ರಿಚರ್ಡ್ ಕೂಡ ಅದೇ ಜೈಲಿನಲ್ಲಿ ತೀರಿಕೊಂಡ.

ಎಲಿಜಬೆತ್ ಕೋಮ್ಯಾಕ್ ಮತ್ತು ಸಂಗಡಿಗರ 2013ರ ‘ಇಂಡಿಯನ್ಸ್ ವೇರ್ ರೆಡ್’ ಅಧ್ಯಯನವು ಈ ಗ್ಯಾಂಗುಗಳಲ್ಲಿ ವಸಾಹತುಶಾಹಿಗೆ ಒಡ್ಡಿದ ಪ್ರತಿರೋಧವನ್ನು ಕಾಣುತ್ತದೆ. ಹುಟ್ಟಿನ ಮಟ್ಟಿಗೆ ಒಪ್ಪುತ್ತೇನೆ. ಆದರೆ ಪ್ರತಿರೋಧದ ಏಟು ತಿಂದವರು ಬಹುಪಾಲು ಸ್ವಂತ ಜನರೇ. ಪ್ರತಿರೋಧ ಎಂಬ ಪದದಿಂದ ಈ ಸಂಗತಿಯನ್ನು ಮುಚ್ಚಬಾರದು. ಆ ಪುಸ್ತಕದ ಸಹಲೇಖಕರಲ್ಲಿ ಒಬ್ಬರಾದ ಲ್ಯಾರಿ ಮೊರಿಸೆಟ್ ಬರಹಕ್ಕೇ ನಿಲ್ಲಲಿಲ್ಲ. ಗ್ಯಾಂಗು ಬಿಡಬಯಸುವ ಯುವಕರಿಗೆ ವಿನ್ನಿಪೆಗ್‌ನಲ್ಲಿ ಮನೆ ದುರಸ್ತಿಯ ಕೆಲಸ ಕಲಿಸಿ, ತಮ್ಮ ಸಂಸ್ಕೃತಿಯ ಪಾಠವನ್ನೂ ಅದರ ಜೊತೆಗೇ ಹೇಳಿಕೊಡುವ ಕಾರ್ಯಕ್ರಮವನ್ನು ನಡೆಸಿದರು.