ಗಣಿಯಂತ್ರಗಳಿಗೂ ಒಂದು ಪರೀಕ್ಷೆ

ಪರೀಕ್ಷೆ ನಿಮಗಷ್ಟೇ ಅಲ್ಲ, ಯಂತ್ರಗಳಿಗೂ ಉಂಟು. ಅಮೆರಿಕದ ಪಶ್ಚಿಮ ವರ್ಜೀನಿಯಾ ರಾಜ್ಯದ ಮೊನೊಂಗಾ ಕಲ್ಲಿದ್ದಲು ಗಣಿಯಲ್ಲಿ 1907ರ ಡಿಸೆಂಬರ್ 6ರಂದು ಸ್ಫೋಟವಾಗಿ 362 ಮಂದಿ ಸತ್ತರು. 1910ರಲ್ಲಿ ಸರ್ಕಾರ ಗಣಿ ಬ್ಯೂರೋ ಸ್ಥಾಪಿಸಿತು. ಅದರ ಪಿಟ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಮೋಟಾರಿನ ಪೆಟ್ಟಿಗೆಯ ಒಳಗೂ ಹೊರಗೂ ಸ್ಫೋಟಕ ಅನಿಲ ತುಂಬಿ, ಒಳಗೆ ಕಿಡಿ ಹಚ್ಚುತ್ತಿದ್ದರು. ಪೆಟ್ಟಿಗೆ ಒಡೆಯಬಾರದು, ಬೆಂಕಿ ಹೊರಗಿನ ಅನಿಲಕ್ಕೆ ತಗುಲಬಾರದು. ತೇರ್ಗಡೆಯಾದರೆ ಒಪ್ಪಿಗೆಯ ಫಲಕ.

ಆದರೆ ಅಂಥ ಯಂತ್ರವನ್ನೇ ಬಳಸಿರೆಂದು ಗಣಿ ಮಾಲೀಕರಿಗೆ ಆಜ್ಞಾಪಿಸುವ ಅಧಿಕಾರ ಬ್ಯೂರೋಗೆ ಇರಲಿಲ್ಲ! ಪರೀಕ್ಷೆ ನಡೆಸಿ ಫಲಿತಾಂಶವನ್ನು ಯಾರೂ ಕೇಳದಂತೆ. ಅದರ ತನಿಖಾಧಿಕಾರಿಗಳಿಗೆ ಗಣಿಯೊಳಗೆ ಹೋಗುವ ಹಕ್ಕು ದೊರೆತದ್ದೇ 1941ರಲ್ಲಿ. 1968ರಲ್ಲಿ ಮೊನೊಂಗಾ ಇರುವ ಜಿಲ್ಲೆಯಲ್ಲೇ, ಫಾರ್ಮಿಂಗ್‌ಟನ್ ಗಣಿಯಲ್ಲಿ, ಮತ್ತೆ 78 ಮಂದಿ ಬಲಿಯಾದರು. ಕಲ್ಲಿದ್ದಲು ಕಡಿಯುವ ಜಾಗದ ವಿದ್ಯುತ್ ಯಂತ್ರಗಳಿಗೆ ಎಲ್ಲ ಭೂಗತ ಕಲ್ಲಿದ್ದಲು ಗಣಿಗಳಲ್ಲೂ ಈ ಒಪ್ಪಿಗೆ ಬೇಕೆಂಬ ಕಾನೂನು ಬಂದದ್ದು ಮರುವರ್ಷ, 1969ರಲ್ಲಿ.