ವೂಡೂ 2 ಮತ್ತು ರೀವಾ ಟಿಎನ್‌ಟಿ: 1998ರ ಪೈಪೋಟಿ

ಎಡಗಡೆಯ ಗ್ರಾಫಿಕ್ಸ್ ಕಾರ್ಡ್ ತ್ರೀಡಿಎಫ್‌ಎಕ್ಸ್‌ನ ವೂಡೂ 2, ಬಲಗಡೆಯದು ಎನ್‌ವಿಡಿಯಾದ ರೀವಾ ಟಿಎನ್‌ಟಿ. ಎರಡೂ ಕ್ಯಾಲಿಫೋರ್ನಿಯಾದ ಕಂಪನಿಗಳು, ಎರಡು ಚಿಪ್‌ಗಳ ವೇಗವೂ 90 ಮೆಗಾಹರ್ಟ್ಸ್.

ಕಾಗದದ ಮೇಲೆ ಟಿಎನ್‌ಟಿಯೇ ಮುಂದು. ಒಂದು ಕ್ಲಾಕ್ ಸೈಕಲ್‌ನಲ್ಲಿ ಅದು ಎರಡು ಪಿಕ್ಸೆಲ್ ಬಿಡಿಸಿದರೆ ವೂಡೂ ಬಿಡಿಸುತ್ತಿದ್ದದ್ದು ಒಂದೇ. ಆದರೆ ಆ ಒಂದಕ್ಕೆ ವೂಡೂ ಒಟ್ಟಿಗೇ ಎರಡು ಟೆಕ್ಸ್ಚರ್ (ಮೇಲ್ಮೈಯ ಚಿತ್ರಪದರ) ಹಚ್ಚುತ್ತಿತ್ತು. ಕ್ವೇಕ್ 2 ಆಟದ ಗೋಡೆಗಳಿಗೆ ಬೇಕಾದದ್ದೂ ಎರಡು ಪದರ: ಕಲ್ಲಿನ ಚಿತ್ರ ಒಂದು, ಅದರ ಮೇಲಿನ ಬೆಳಕು ನೆರಳು ಇನ್ನೊಂದು. ಅಂಥ ಕಡೆ ಟಿಎನ್‌ಟಿಯ ಪಿಕ್ಸೆಲ್ ಬಿಡಿಸುವ ಎರಡು ಪೈಪ್‌ಲೈನ್‌ಗಳೂ ಸೇರಿ ಒಂದೇ ಪಿಕ್ಸೆಲ್‌ಗೆ ದುಡಿಯಬೇಕು. ಆಗ ಇಬ್ಬರ ಗರಿಷ್ಠ ಲೆಕ್ಕವೂ ಸಮ, ಸೆಕೆಂಡಿಗೆ 9 ಕೋಟಿ ಪಿಕ್ಸೆಲ್. ಡಬ್ಬಿಯ ಮೇಲೆ ಅಚ್ಚು ಹಾಕಿದ ಅಂಕಿಗಳು ಇಂಥದ್ದನ್ನು ಹೇಳುವುದಿಲ್ಲ.

ವೂಡೂ ಕಾರ್ಡಿನ ಹಿಂಬದಿಯ ಎರಡು ಕನೆಕ್ಟರ್‌ಗಳನ್ನು ಗಮನಿಸಿ. ಇದಕ್ಕೆ ತ್ರೀಡಿ ಬಿಟ್ಟು ಬೇರೆ ಕೆಲಸ ಬಾರದು. ದಿನನಿತ್ಯದ ಪರದೆಗೆ ಇನ್ನೊಂದು ಕಾರ್ಡ್ ಇರಲೇಬೇಕು, ಅದರಿಂದ ಬಂದ ಕೇಬಲ್ ಇದರೊಳಗೆ ಹಾದು ಮಾನಿಟರ್ ಸೇರುತ್ತಿತ್ತು. ಬಣ್ಣ 16 ಬಿಟ್ ಮಾತ್ರ, ರೆಸಲ್ಯೂಷನ್ 800×600ಕ್ಕೆ ಮುಗಿಯಿತು. ಟಿಎನ್‌ಟಿ ಎರಡೂ ಕೆಲಸವನ್ನು ಒಂದೇ ಕಾರ್ಡಿನಲ್ಲಿ ಮಾಡಿತು. 32 ಬಿಟ್ ಬಣ್ಣವನ್ನೂ ಕೊಟ್ಟಿತು, ವೇಗ ಇಳಿದರೂ ಪರವಾಗಿಲ್ಲ ಎನ್ನುವವರಿಗೆ.

ವೂಡೂ ಬಳಿ ಇನ್ನೊಂದು ಉಪಾಯವಿತ್ತು: ಎಸ್‌ಎಲ್‌ಐ. ಎರಡು ವೂಡೂ ಕಾರ್ಡ್ ಜೋಡಿಸಿದರೆ ಪರದೆಯ ಸಮಸಂಖ್ಯೆಯ ಗೆರೆಗಳನ್ನು ಒಂದು, ಬೆಸಸಂಖ್ಯೆಯವನ್ನು ಮತ್ತೊಂದು ಬಿಡಿಸುತ್ತಿದ್ದವು, 1024×768ರಲ್ಲಿ. ವೇಗದಲ್ಲಿ ಆ ಜೋಡಿಯ ಮುಂದೆ ಟಿಎನ್‌ಟಿ ನಿಲ್ಲುತ್ತಿರಲಿಲ್ಲ. ಖರ್ಚಿನ ಮಾತು ಬೇರೆ.

2000ದ ಡಿಸೆಂಬರ್‌ನಲ್ಲಿ ತ್ರೀಡಿಎಫ್‌ಎಕ್ಸ್ ತನ್ನ ತಂತ್ರಜ್ಞಾನವನ್ನು ಎನ್‌ವಿಡಿಯಾಗೇ ಮಾರಲು ಒಪ್ಪಿತು. 2004ರಲ್ಲಿ ಎಸ್‌ಎಲ್‌ಐ ಎಂಬ ಹೆಸರು ಎನ್‌ವಿಡಿಯಾ ಕಾರ್ಡುಗಳ ಮೇಲೆ ಮತ್ತೆ ಬಂತು.